ಹತ್ತು, ಹನ್ನೊಂದು, ಹನ್ನೆರಡನೆಯ ತಗಡು

ಹಿರೇಕೆರೂರು
ಭಾನುವಾರ, ೧೮ ಮಾರ್ಚ್ ೧೯೮೪

ಪ್ರೀತಿಯ ದಾನವ್ವ,

ಇಲ್ಲಿ ನಾವು ಮೂವರೂ ಮೂರು ಹೊತ್ತು ಉಂಡು ಗಟ್ಟಿಮುಟ್ಟಾಗಿದ್ದೇವೆ. ಅಲ್ಲಿ ನೀನು ಎರಡು ಹೊತ್ತಾದರೂ ಉಣ್ಣುತ್ತೀಯೆಂದು ನಂಬಿ ಈ ಪತ್ರ ಶುರು ಮಾಡುತ್ತೇನೆ. ಡಾಕ್ಟರಾಗಲಿರುವ ಹೆಂಡತಿಗೆ ಆಶೀರ್ವಾದ ಬರೆಯಬೇಕೋ ನಮಸ್ಕಾರ ಬರೆಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಎರಡನ್ನೂ ಕಳಿಸಿದ್ದೇನೆ, ಬೇಡವಾದದ್ದನ್ನು ವಾಪಸು ಕಳಿಸು.

ನಿನ್ನ ಪತ್ರ ಒಂಬತ್ತನೆಯ ತಾರೀಖಿಗೇ ಕೈಸೇರಿತು. ಇಂದಿಗೆ ಒಂಬತ್ತು ದಿನವಾಯಿತು. ಮದುವೆಯಾದಾಗಿನಿಂದ ಉತ್ತರ ಬರೆಯಲು ಇಷ್ಟು ತಡ ಮಾಡಿದ್ದು ಇದೇ ಮೊದಲು, ಕ್ಷಮಿಸು. ಹೋಳಿಯ ಗದ್ದಲವಿತ್ತು, ಎರಡು ದಿನ ಜೋಡಿ ಡ್ಯೂಟಿ ಬಿತ್ತು ಎಂದು ಬರೆದು ಪಾರಾಗಬಹುದು. ಅದು ಸುಳ್ಳೂ ಅಲ್ಲ. ಆದರೆ ತಡವಾದದ್ದಕ್ಕೆ ಕಾರಣ ಬೇರೆ ಇದೆ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಹುಬ್ಬಳ್ಳಿ ಗಾಡಿಗೆ ನಮ್ಮ ಫಕ್ಕೀರಪ್ಪ ಕಂಡಕ್ಟರ್ ಇದ್ದಾನೆ. ಹುಬ್ಬಳ್ಳಿಯಲ್ಲಿ ಇಳಿದು ಧಾರವಾಡಕ್ಕೆ ಬಂದು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ಗುರುವಾರ ನಿಮ್ಮ ಗುರುಗಳ ಮುಂದೆ ನಿಲ್ಲುವ ಮೊದಲು ನೀನು ಇದನ್ನು ಓದಲೇಬೇಕು.

ಮೊದಲು ಮನೆಯ ಸುದ್ದಿ. ನಿನ್ನ ಮಗಳು ಮಂಜುಳ ಮುಂದಿನ ಹಲ್ಲು ಒಂದು ಬಿದ್ದಿದೆ. ಬಿದ್ದ ಹಲ್ಲನ್ನು ಕಾಗದದಲ್ಲಿ ಸುತ್ತಿ, ನೀನು ಬಂದಾಗ ತೋರಿಸಬೇಕೆಂದು ಗೂಡಿನಲ್ಲಿಟ್ಟಿದ್ದಾಳೆ. ನಿನ್ನೆ ಬಣ್ಣದಲ್ಲಿ ಎಷ್ಟು ಮುಳುಗಿದ್ದಳೆಂದರೆ ಇವತ್ತು ಎಣ್ಣೆ ಹಚ್ಚಿ ಸ್ನಾನ ಮಾಡಿಸಿದರೂ ಕಿವಿಯ ಹಿಂದೆ ಹಸಿರು ಉಳಿದಿದೆ. ನಮ್ಮವ್ವನ ಮೊಣಕಾಲು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಚಿಕ್ಕೇರೂರಿನಲ್ಲಿ ನಿಮ್ಮವ್ವ ಈಗ ಚೆನ್ನಾಗಿದ್ದಾರೆ, ಕಳೆದ ಸಂತೆಗೆ ಬಂದು ಮೊಮ್ಮಗಳನ್ನು ನೋಡಿ ಹೋದರು.

ಸವಣೂರಿನಿಂದ ವೀಳ್ಯದೆಲೆ ತರುವ ದಾವಲಬಿ ನಿನಗೆ ಗೊತ್ತಲ್ಲ, ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂತು ಹೊಗೆಗೆ ಕೆಮ್ಮುತ್ತಾಳೆ. ಹೋದ ತಿಂಗಳು ಅವಳಿಗೆ ನಿನ್ನ ಕೆಲಸದ ಬಗ್ಗೆ ಭಾಷಣ ಮಾಡಿದೆ. ನನ್ನ ಹೆಂಡತಿ ನೀರಿನಿಂದ ಒಂದು ಅನಿಲ ತೆಗೆಯುತ್ತಿದ್ದಾಳೆ, ಮುಂದೊಂದು ದಿನ ಅದರಿಂದಲೇ ಬಸ್ಸು ಓಡುತ್ತದೆ, ಹಿಂದಿನಿಂದ ಹೊಗೆ ಬರುವುದಿಲ್ಲ, ನೀರಷ್ಟೇ ಬರುತ್ತದೆ ಎಂದೆ. ಅವಳು ಗಂಭೀರವಾಗಿ, “ನೀರ ಬರ್ತಾವಂದ್ರ ಆ ಬಸ್ಸ ನಮ್ಮ ಎಲಿ ತ್ವಾಟದ ಮ್ಯಾಲೆ ಹಾಯಸ್ರಿ” ಎಂದಳು. ಬಸ್ಸೆಲ್ಲ ನಕ್ಕಿತು. ನಾನು ಎಷ್ಟು ಹೆಮ್ಮೆಯಿಂದ ನಿನ್ನ ಮಾತು ಆಡುತ್ತಿರುತ್ತೇನೆಂದು ನಿನಗೆ ತಿಳಿಯಲಿ ಎಂದು ಇದನ್ನು ಬರೆದೆ. ಮುಂದೆ ಬರೆಯುವುದನ್ನು ಓದಿದ ಮೇಲೆ ನೀನು ಇದನ್ನು ನಂಬುವುದು ಕಷ್ಟ.

ಈಗ ನಿನ್ನ ಪತ್ರಕ್ಕೆ ಬರುತ್ತೇನೆ. ಜನವರಿಯಿಂದ ಈಚೆಗೆ ನೀರಿನಿಂದ ಆ ಅನಿಲ ಬಿಡಿಸುವ ನಲವತ್ತು ತಗಡು ಹೊಸದಾಗಿ ಮಾಡಿದೆ, ಅದೇ ನಿಕ್ಕಲ್, ಅದೇ ಕೋಬಾಲ್ಟ್, ಅದೇ ಒಲೆ, ಅದೇ ಉರಿ, ಆದರೂ ಒಂದೂ ನವೆಂಬರಿನಲ್ಲಿ ಅಷ್ಟು ಚೆನ್ನಾಗಿ ನಡೆದ ಆ ಮೂರರ ಹಾಗೆ ಕೆಲಸ ಮಾಡಲಿಲ್ಲ ಎಂದು ಬರೆದಿದ್ದೀಯೆ. ಡಿಸೆಂಬರಿನಲ್ಲಿ ನಿಮ್ಮ ಗುರುಗಳು ಆ ಮೂರು ತಗಡುಗಳನ್ನು ನಂಬಿ ಲೇಖನ ಬರೆದು ಕಳಿಸಿಬಿಟ್ಟಿದ್ದಾರೆ. ಈಗ ನಿನ್ನ ನೋಟುಬುಕ್ಕು ತರಿಸಿಕೊಂಡು ಪುಟ ಪುಟ ನೋಡುತ್ತಿದ್ದಾರೆ. ನಿನಗಿಂತ ಹಿರಿಯವನೊಬ್ಬ ಎಲ್ಲರೆದುರಿಗೆ, ಅಂಕಿಗಳನ್ನು ಬರೆಯುವುದು ಸುಲಭ, ತೋರಿಸುವುದು ಕಷ್ಟ ಎಂದನಂತೆ. ಇಪ್ಪತ್ತೆರಡನೆಯ ತಾರೀಖು ಗುರುವಾರದೊಳಗೆ ಮತ್ತೊಮ್ಮೆ ಮಾಡಿ ತೋರಿಸದಿದ್ದರೆ ಲೇಖನ ಹಿಂದಕ್ಕೆ ತೆಗೆದುಕೊಳ್ಳಬೇಕು, ನೀನು ಬೇರೆ ದಾರಿ ನೋಡಿಕೊಳ್ಳಬೇಕು ಎಂದು ಗುರುಗಳು ಹೇಳಿದ್ದಾರೆ. ಕೊನೆಯಲ್ಲಿ ನೀನು ಬರೆದದ್ದು ಇಷ್ಟು: “ನಾನು ಸುಳ್ಳ ಬರದಿಲ್ಲರಿ. ಆದ್ರ ನನಗೂ ಈಗ ನನ್ನ ಮ್ಯಾಲೆ ಸಂಶಯ ಬರಾಕತ್ತೈತಿ.”

ದಾನವ್ವ, ನಿನ್ನ ಮೇಲೆ ನೀನು ಸಂಶಯಪಡಬೇಡ. ಆ ಮೂರು ತಗಡುಗಳಿಗೆ ಏನಾಯಿತು ಎನ್ನುವುದು ನನಗೆ ಗೊತ್ತಿದೆ. ಅಕ್ಟೋಬರಿನಿಂದಲೂ ಗೊತ್ತಿದೆ.

ದಸರೆಗೆ ನೀನು ಬಂದಾಗ ಆ ಬಿಸ್ಕೀಟಿನ ಡಬ್ಬಿ ತಂದಿದ್ದೆ, ನೆನಪು ಮಾಡಿಕೋ. ರಜೆಯಲ್ಲಿ ಪ್ರಯೋಗಾಲಯಕ್ಕೆ ಬೀಗ, ಮೇಲೆ ಮಾಳಿಗೆ ಸೋರುತ್ತದೆ, ಲೇಪ ಹಚ್ಚಿ ಸುಟ್ಟ ತಗಡುಗಳನ್ನು ಅಲ್ಲಿ ಬಿಡಲಾರೆ ಎಂದು ಹನ್ನೆರಡನ್ನೂ ಕಾಗದದಲ್ಲಿ ಸುತ್ತಿ ತಂದಿದ್ದೆ. ಮಂಜು ಅವನ್ನು ಮುಟ್ಟದಂತೆ ಮೇಲಿನ ನಾಗೊಂದಿಗೆಯಲ್ಲಿಟ್ಟೆ. ಮರುದಿನ ನಿಮ್ಮವ್ವನಿಗೆ ಜ್ವರವೆಂದು ಸುದ್ದಿ ಬಂತು, ನೀನು ಮಂಜುಳನ್ನು ಕರೆದುಕೊಂಡು ಚಿಕ್ಕೇರೂರಿಗೆ ಹೋದೆ. ಖಂಡೇನವಮಿಯ ಆಯುಧಪೂಜೆಯ ದಿನ ಮನೆಯಲ್ಲಿ ಇದ್ದವರು ನಾನು ಮತ್ತು ಅವ್ವ ಇಬ್ಬರೇ.

ಅವ್ವ ಹಿಂದಿನ ದಿನವೇ ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಹುಣಸೆಹಣ್ಣು ಕಿವುಚಿ ಕುಡಗೋಲು, ಕಳೆ ತೆಗೆಯುವ ಕುರ್ಚಿಗೆ, ಈಳಿಗೆ, ಗುದ್ದಲಿಯ ಬಾಯಿ ಎಲ್ಲ ನೆನೆ ಹಾಕಿದ್ದಳು. ತುಕ್ಕು ಬಿಟ್ಟುಕೊಂಡು ನೀರು ಕಪ್ಪಗಾಗಿತ್ತು. ಬೆಳಿಗ್ಗೆ ಒಂದೊಂದನ್ನೇ ಬೂದಿಯಲ್ಲಿ ತಿಕ್ಕಿ ತೊಳೆದು, ವಿಭೂತಿ ಹಚ್ಚಿ ದೇವರ ಮುಂದೆ ಸಾಲಾಗಿ ಇಟ್ಟಳು. ಅದರ ಪಕ್ಕದಲ್ಲಿ ನನ್ನ ಟಿಕೆಟ್ ಪಂಚು, ಸೀಟಿ. ಎಲ್ಲ ಮುಗಿಯಿತು ಎನ್ನುವಾಗ ಅವ್ವ ಸೊಂಟದ ಮೇಲೆ ಕೈಯಿಟ್ಟು ಆ ಸಾಲು ನೋಡಿ, “ಎಲ್ಲಾರ ಹತ್ಯಾರ ಬಂದ್ವು. ಸೊಸಿದು ಎಲ್ಲೈತಿ? ಅಕಿ ದುಡಿಯೂದಿಲ್ಲೇನು?” ಎಂದಳು.

ಆ ಮಾತು ಕೇಳಿ ನನಗೆ ಆದ ಸಂತೋಷ ಹೇಳಲಾರೆ. ನೀನು ಓದುತ್ತೀಯೆಂದು ಮೂರು ವರ್ಷ ಮುಖ ಗಂಟು ಹಾಕಿಕೊಂಡಿದ್ದ ಅವ್ವ, ತಾನಾಗಿಯೇ ನಿನ್ನ ಕೆಲಸವನ್ನು ಕೆಲಸ ಎಂದಳು. ನಾನು ಹಿಂದೆ ಮುಂದೆ ನೋಡದೆ ನಾಗೊಂದಿಗೆಗೆ ಕೈ ಹಾಕಿ ಡಬ್ಬಿ ಇಳಿಸಿದೆ. ಮೇಲಿದ್ದ ಮೂರು ತಗಡು ತೆಗೆದೆ. ಅವ್ವ ಅದನ್ನು ನೋಡಿ, ಇಷ್ಟು ಕರ್ರಗಿದ್ದದ್ದನ್ನು ದೇವರ ಮುಂದೆ ಹೇಗೆ ಇಡುವುದು ಎಂದು ಬೂದಿ ಹಿಡಿದಳು. ತಿಕ್ಕಬೇಡ, ಕರಿ ಹೋದರೆ ಸೊಸೆ ನಮ್ಮಿಬ್ಬರನ್ನೂ ಮನೆ ಬಿಡಿಸುತ್ತಾಳೆ ಎಂದು ನಾನು ತಡೆದೆ. ತಿಕ್ಕದೆ ಇಡುವುದು ಅವ್ವನಿಗೆ ಒಪ್ಪಿಗೆಯಿಲ್ಲ. ಕೊನೆಗೆ ರಾಜಿಯಾಯಿತು. ಅದೇ ಬಾಣಲೆಯ ನೀರಿನಲ್ಲಿ ಒಂದಿಷ್ಟು ಹೊತ್ತು ನೆನೆಸಿ, ಬಾವಿಯ ನೀರಲ್ಲಿ ತೊಳೆದು, ಹಿಂಬದಿಗೆ ಮಾತ್ರ ವಿಭೂತಿ ಹಚ್ಚುವುದು. ಹಾಗೇ ಮಾಡಿದೆವು. ಪೂಜೆಯ ಆಯುಧಗಳನ್ನು ಅಂದು ಅಲುಗಿಸಬಾರದೆಂದು ಮರುದಿನದವರೆಗೆ ಅವು ಅಲ್ಲೇ ಇದ್ದವು. ಆಮೇಲೆ ಒದ್ದೆ ಅರಿವೆಯಿಂದ ವಿಭೂತಿ ಒರೆಸಿ, ಅದೇ ಕಾಗದದಲ್ಲಿ ಸುತ್ತಿ, ಇದ್ದ ಹಾಗೇ ಇಟ್ಟೆ.

ಮೂಲೆಯಲ್ಲಿ ನೀನು ಮೊಳೆಯಿಂದ ಕೆತ್ತಿದ ನಂಬರು ಇರುತ್ತವಲ್ಲ, ಅವನ್ನು ನೋಡಿದ್ದೆ. ನಂಬರು ನೋಡುವುದು ನಮ್ಮ ಕಸುಬು, ನೋಡದೆ ಇರಲಾಗುವುದಿಲ್ಲ. ಹತ್ತು, ಹನ್ನೊಂದು, ಹನ್ನೆರಡು.

ನೀನು ಚಿಕ್ಕೇರೂರಿನಿಂದ ದಣಿದು ಬಂದೆ. ಡಬ್ಬಿ ತೆರೆದು ಹನ್ನೆರಡು ಇವೆಯೆಂದು ಎಣಿಸಿ, ಸಮಾಧಾನದಿಂದ ಮುಚ್ಚಿದೆ. ಆಗಲೇ ಹೇಳಬೇಕಿತ್ತು. ನಿನ್ನ ಸಿಟ್ಟಿಗೆ ಅಂಜಿ, ಊಟವಾದ ಮೇಲೆ ಹೇಳೋಣ ಎಂದುಕೊಂಡೆ. ಊಟವಾದ ಮೇಲೆ ಬಸ್ಸಿನ ಹೊತ್ತಾಗಿತ್ತು.

ನವೆಂಬರಿನಲ್ಲಿ ನಿನ್ನ ಪತ್ರ ಬಂತು. ಅಂಥ ಪತ್ರ ನೀನು ಎಂದೂ ಬರೆದಿರಲಿಲ್ಲ, ಅಕ್ಷರಗಳು ಓಡುತ್ತಿದ್ದವು. ಒಂಬತ್ತು ತಗಡು ಎಂದಿನಂತೆ, ಮೂರು ಮಾತ್ರ ಬೇರೆಯೇ ಎಂದು ಬರೆದಿದ್ದೆ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಅವನ್ನು ಇಳಿಬಿಟ್ಟು ವಿದ್ಯುತ್ತು ಹಾಯಿಸಿದರೆ ಒಂದು ವೋಲ್ಟಿನ ಐದರಲ್ಲೊಂದು ಪಾಲು ಕಡಿಮೆಯಾದರೂ ಸಾಕು, ಆ ಕಡೆ ಹೈಡ್ರೋಜನ್ ಗುಳ್ಳೆಗಳು ಅಷ್ಟೇ ಬರುತ್ತವೆ, ಕಲ್ಲಿದ್ದಲೂ ಬೇಡ, ಎಣ್ಣೆಯೂ ಬೇಡ, ಪ್ಲಾಟಿನಂ ಕೂಡ ಬೇಡ, ಇಷ್ಟು ಅಗ್ಗದ ತಗಡಿನಿಂದ ಆಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ ಎಂದು ಬರೆದಿದ್ದೆ. ಕೆಳಗೆ ಆ ಮೂರರ ನಂಬರುಗಳಿದ್ದವು. ನಾನು ಹಾವೇರಿ ನಿಲ್ದಾಣದ ಬೆಂಚಿನ ಮೇಲೆ ಕೂತು ಅದನ್ನು ಓದಿದೆ. ಓದಿ, ಹುಣಸೆ ನೀರಿಗೂ ನಿನ್ನ ವಿಜ್ಞಾನಕ್ಕೂ ಏನು ಸಂಬಂಧ ಎಂದು ನನಗೆ ನಾನೇ ಹೇಳಿಕೊಂಡೆ. ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿ ಟಿಕೆಟ್ ಪಂಚು ಹಿಡಿದವನು ನಾನು. ಅದೇ ಕಾಲೇಜಿನ ಅದೇ ಬೆಂಚಿನಿಂದ ಎದ್ದು ಅದೇ ರಸಾಯನಶಾಸ್ತ್ರವನ್ನು ಹಿಡಿದು ಧಾರವಾಡಕ್ಕೆ ಹೋದವಳು ನೀನು. ಏನಾದರೂ ಸಂಬಂಧವಿದ್ದರೆ ನಿನಗೆ ತಿಳಿಯುತ್ತದೆ ಎಂದುಕೊಂಡೆ. ನಾವು ಹೇಳದಿದ್ದರೆ ನಿನಗೆ ತಿಳಿಯುವುದು ಹೇಗೆ ಎನ್ನುವುದನ್ನು ಯೋಚಿಸಲಿಲ್ಲ. ಯೋಚಿಸಲು ಇಷ್ಟವಿರಲಿಲ್ಲ.

ಜನವರಿಯಲ್ಲಿ ನೀನು ನೇರವಾಗಿ ಕೇಳಿದೆ. ಮನೆಯಲ್ಲಿ ಡಬ್ಬಿಯನ್ನು ಯಾರಾದರೂ ಮುಟ್ಟಿದ್ದರೇ, ನೆನಪು ಮಾಡಿಕೊಂಡು ಬರೆಯಿರಿ ಎಂದೆ. ನಾನು ಕಾರ್ಡಿನಲ್ಲಿ ಒಂದೇ ಸಾಲು ಬರೆದೆ: ಯಾರೂ ಮುಟ್ಟಿಲ್ಲ, ನಿಶ್ಚಿಂತೆಯಿಂದಿರು. ಆ ಕಾರ್ಡು ನೋಡಿ ನೀನು ನೋಟುಬುಕ್ಕಿನಲ್ಲಿ ಆ ಅನುಮಾನವನ್ನು ಹೊಡೆದುಹಾಕಿದೆನೆಂದು ಮುಂದಿನ ಪತ್ರದಲ್ಲಿ ತಿಳಿಸಿದ್ದೆ. ಆ ಮೇಲೆ ಒಲೆಯ ಮೇಲೆ ಅನುಮಾನಪಟ್ಟೆ, ನೀರಿನ ಮೇಲೆ ಪಟ್ಟೆ, ಈಗ ನಿನ್ನ ಮೇಲೇ ಪಡುತ್ತಿದ್ದೀಯೆ. ಗಂಡನ ಮೇಲೆ ಮಾತ್ರ ಪಡಲಿಲ್ಲ.

ಯಾಕೆ ಹಾಗೆ ಬರೆದೆ ಎಂದು ಕೇಳುತ್ತೀಯೆ. ಲೇಖನ ಹೋಗಿಯಾಗಿತ್ತು. ಕಂಡಕ್ಟರನ ಮನೆಯಲ್ಲಿ ಡಾಕ್ಟರೇಟಿನ ತಗಡನ್ನು ಕುಡಗೋಲಿನ ಜೊತೆ ನೆನೆ ಹಾಕಿ ಪೂಜೆ ಮಾಡಿದರು ಎಂದು ತಿಳಿದರೆ ಅಲ್ಲಿಯ ಜನ ನಿನ್ನನ್ನು ಎಷ್ಟು ಆಡಿಕೊಂಡು ನಗಬಹುದು ಎಂದು ಅಂಜಿದೆ. ನಿನ್ನ ಮರ್ಯಾದೆ ಉಳಿಸುತ್ತಿದ್ದೇನೆ ಎಂದೂ ಅಂದುಕೊಂಡೆ. ಈಗ ನಿನ್ನನ್ನು ಸುಳ್ಳುಗಾತಿ ಎನ್ನುತ್ತಿದ್ದಾರೆ. ನಗಿಸಿಕೊಳ್ಳುವುದು ಅದಕ್ಕಿಂತ ಸಾವಿರ ಪಾಲು ಒಳ್ಳೆಯದಿತ್ತು.

ನಿನ್ನೆ ಮಧ್ಯಾಹ್ನ ಮಂಜು ಬಣ್ಣದ ಕೈಯಲ್ಲೇ ಅಂಗಳದಲ್ಲಿ ಕುಣಿಯುತ್ತ, ನಮ್ಮವ್ವ ಯುಗಾದಿಗೆ ಬರುತ್ತಾಳೆ, ಮತ್ತೆ ಹೋಗುವುದೇ ಇಲ್ಲ ಎಂದು ಓಣಿಗೆಲ್ಲ ಸಾರುತ್ತಿದ್ದಳು. ಅದನ್ನು ಕೇಳಿ ನನ್ನವ್ವ ನನ್ನನ್ನು ಒಳಗೆ ಕರೆದು ಏನು ಸಮಾಚಾರ ಎಂದು ಕೇಳಿದಳು. ನಿನ್ನ ಪತ್ರದಲ್ಲಿದ್ದದ್ದನ್ನು ಹೇಳಿದೆ. ನೀನು ಆ ಮೂರು ತಗಡಿನ ವಿಷಯದಲ್ಲಿ ಸುಳ್ಳು ಬರೆದಿದ್ದೀಯೆಂದು ಅವರು ತಿಳಿದಿದ್ದಾರೆ ಎಂದೆ. ಅವ್ವ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತಳು.

“ಹುಣಸಿ ನೀರಾಗ ಹಾಕಿದ್ದು ಅಕಿಗೆ ಹೇಳೀಯಿಲ್ಲೋ?”

ಇಲ್ಲ ಎಂದೆ.

“ಐದ ತಿಂಗಳಾತು.”

ಹೌದು ಎಂದೆ.

“ನನಗ ಬರಿಯಾಕ ಬರ್ತಿದ್ರ ನಿನ್ನ ದಾರಿ ಕಾಯ್ತಿದ್ದಿಲ್ಲ ನಾ,” ಎಂದಳು.

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಎದ್ದು ಹೋಗಿ ಆ ಬಾಣಲೆಯನ್ನು ತಂದು ನನ್ನ ಮುಂದಿಟ್ಟು, ಒಂದೊಂದನ್ನೇ ನೆನಪು ಮಾಡಿ ಹೇಳಿದಳು. ನಿನಗೆ ಬೇಕಾಗುವುದು ಅದೇ. ಹುಣಸೆಹಣ್ಣು ಎರಡು ಮುಷ್ಟಿ, ಹಳೆಯದು, ಉಪ್ಪು ಬೆರೆಸಿಟ್ಟದ್ದು. ನೀರು ಸಣ್ಣ ಕೊಡದ ಅರ್ಧ, ನಮ್ಮ ಬಾವಿಯದು. ಕುಡಗೋಲು ನಾಲ್ಕು, ಕುರ್ಚಿಗೆ ಎರಡು, ಈಳಿಗೆ ಒಂದು, ಗುದ್ದಲಿ ಒಂದು, ಹಿಂದಿನ ದಿನ ದೀಪ ಹಚ್ಚುವ ಹೊತ್ತಿನಿಂದ ಬೆಳಗಿನವರೆಗೆ. ನಿನ್ನ ತಗಡುಗಳು ಅದರಲ್ಲಿ ಇದ್ದದ್ದು ಅವ್ವ ಸ್ನಾನ ಮಾಡಿ, ಎಡೆಗೆ ಹೋಳಿಗೆಯ ಹಿಟ್ಟು ನಾದಿ ಮುಗಿಸುವಷ್ಟು ಹೊತ್ತು. ಗಡಿಯಾರದ ಲೆಕ್ಕದಲ್ಲಿ ಅದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಇಷ್ಟನ್ನೂ ಬೇರೆ ಹಾಳೆಯಲ್ಲಿ ಹಾಸ್ಯವಿಲ್ಲದೆ, ತಾರೀಖು ಹಾಕಿ ಬರೆದಿದ್ದೇನೆ. ಕೆಳಗೆ ನನ್ನ ಸಹಿ, ಅವ್ವನ ಹೆಬ್ಬೆಟ್ಟು ಇದೆ. ಅದನ್ನು ಗುರುಗಳ ಕೈಗೆ ಕೊಡು. ಸಾಹೇಬರು ನಂಬದಿದ್ದರೆ ಬಾಣಲೆ ಹೊತ್ತುಕೊಂಡು ತಾನೇ ಧಾರವಾಡಕ್ಕೆ ಬರುತ್ತೇನೆ ಎಂದು ಅವ್ವ ಹೇಳಿದ್ದಾಳೆ, ಮೊಣಕಾಲು ನೋವಿದ್ದರೂ ಬರುವವಳೇ.

ಇನ್ನು ನಪಾಸಾದವನ ಊಹೆಯೊಂದು. ಬಾಣಲೆಯ ನೀರಿನಲ್ಲಿ ಇದ್ದದ್ದು ತುಕ್ಕು, ಅಂದರೆ ಕಬ್ಬಿಣ. ನಿನ್ನ ಲೇಪದಲ್ಲಿ ಕಬ್ಬಿಣ ಎಲ್ಲೂ ಇಲ್ಲ. ಒಂದು ಚೂರು ಸೇರಿದರೂ ಕೆಟ್ಟಿತೆಂದು ನೀನು ಇಕ್ಕಳ ಕೂಡ ಕಬ್ಬಿಣದ್ದು ಹಿಡಿಯುವುದಿಲ್ಲ. ನೀನು ಅಷ್ಟು ಕಾಳಜಿಯಿಂದ ಹೊರಗಿಟ್ಟದ್ದನ್ನೇ ನಾವು ತಿಳಿಯದೆ ಒಳಗೆ ಬಿಟ್ಟಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಫಕ್ಕೀರಪ್ಪನ ಕೈಯಲ್ಲಿ ಅದೇ ಹುಣಸೆಯ ಒಂದು ಉಂಡೆಯನ್ನೂ, ತುಕ್ಕು ಹಿಡಿದ ಕುರ್ಚಿಗೆಯೊಂದನ್ನೂ ಕಳಿಸಿದ್ದೇನೆ. ಮಂಗಳವಾರ, ಬುಧವಾರ ಎರಡು ದಿನ ಇವೆ. ಹೊಸ ತಗಡಿನ ಮೇಲೆ ಮಾಡಿ ನೋಡು.

ಅದು ಆದರೂ ನಿನಗೆ ನಷ್ಟವಿದೆ ಎನ್ನುವುದು ನನಗೆ ಗೊತ್ತು. ಎರಡು ವರ್ಷ ನೀನು ನಂಬಿದ ನಿಕ್ಕಲ್ ಕೋಬಾಲ್ಟಿನ ಪಾಕದಿಂದ ಆ ಫಲ ಬಂದದ್ದಲ್ಲ ಎಂದು ಬರೆಯಬೇಕಾಗುತ್ತದೆ. ಹೋದ ಲೇಖನವನ್ನು ತಿದ್ದಬೇಕಾಗುತ್ತದೆ. ಆದರೆ ಅಂಕಿಗಳು ಸುಳ್ಳಲ್ಲ, ದಾನವ್ವ. ನೀನು ಕಣ್ಣಾರೆ ಕಂಡದ್ದನ್ನೇ ಬರೆದೆ. ಸುಳ್ಳು ಬರೆದದ್ದು ನಾನು, ಅದೂ ಒಂದೇ ಸಾಲು.

ಊಟ ಬಿಡಬೇಡ. ಅಳುವುದಾದರೆ ಇವತ್ತೇ ಅತ್ತು ಮುಗಿಸು, ನಾಳೆ ಕೆಲಸವಿದೆ. ನಿನ್ನ ಕೈ ನಡುಗದಿರಲಿ, ನಿನ್ನ ಮಾತನ್ನು ಎದುರಿನವರು ಕೂತು ಪೂರ್ತಿ ಕೇಳಲಿ, ನಿನ್ನ ಹೆಸರಿಗೆ ಹತ್ತಿದ ಕೊಳೆ ಗುರುವಾರದೊಳಗೆ ತೊಳೆದು ಹೋಗಲಿ ಎಂದು ಅವ್ವ ದೇವರ ಮುಂದೆ ದೀಪ ಹಚ್ಚಿದ್ದಾಳೆ. ಅವಳ ಆಶೀರ್ವಾದ, ಮಂಜುಳ ಮುತ್ತು.

ನಿನ್ನವ,
ಉಳವಪ್ಪ

ತಾ.ಕ.: ಈ ಹಾಳೆಯನ್ನು ಯಾರಿಗೂ ತೋರಿಸಬೇಡ, ಇದು ನಿನಗೊಬ್ಬಳಿಗೆ. ಅಂಜಿ ಸುಮ್ಮನಿದ್ದೆ ಎಂದು ಮೇಲೆ ಬರೆದೆ. ಜನವರಿಯವರೆಗೆ ಅದು ನಿಜ. ಈ ಒಂಬತ್ತು ದಿನ ನಾನು ಅಂಜಿರಲಿಲ್ಲ. ನಿನ್ನ ಪತ್ರ ಒಡೆದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು, ಯುಗಾದಿಗೆ ಗಂಟುಮೂಟೆ ಕಟ್ಟಿಕೊಂಡು ಬರುತ್ತೇನೆ, ಹೈಸ್ಕೂಲಿನಲ್ಲಿ ಕೆಲಸ ಸಿಕ್ಕರೆ ಅಲ್ಲೇ ಇದ್ದುಬಿಡುತ್ತೇನೆ ಎನ್ನುವ ಸಾಲು. ಉಳಿದದ್ದನ್ನು ಓದುವ ಮೊದಲೇ ನನಗೆ ಸಂತೋಷವಾಯಿತು. ಓದಿದ ಮೇಲೂ ಅದು ಹೋಗಲಿಲ್ಲ. ಅಂದೇ ಮಂಜುಳಿಗೆ ಹೇಳಿದೆ. ಮರುದಿನ ಹೈಸ್ಕೂಲಿಗೆ ಹೋಗಿ ವಿಜ್ಞಾನದ ಮಾಸ್ತರಿಕೆ ಖಾಲಿ ಇದೆಯೇ ಎಂದು ವಿಚಾರಿಸಿ ಬಂದೆ. ನಾನು ಬಾಯಿ ಬಿಟ್ಟರೆ ನೀನು ಅಲ್ಲಿಯೇ ಉಳಿಯುತ್ತೀಯೆಂದು ನನಗೆ ಚೆನ್ನಾಗಿ ತಿಳಿದಿತ್ತು. ಮೂರು ವರ್ಷ ಬಸ್ಸಿನ ತುಂಬ ನಿನ್ನ ಹೆಮ್ಮೆ ಹೇಳಿಕೊಂಡು ತಿರುಗಿದ್ದು ನಿಜ. ಪ್ರತಿ ಸಂಜೆ ಬಂದು ನೀನಿಲ್ಲದ ಮನೆ ಹೊಕ್ಕಾಗ ಇದೆಲ್ಲ ಎಂದು ಮುಗಿಯುತ್ತದೋ ಅಂದುಕೊಂಡದ್ದೂ ನಿಜ. ಸುಳ್ಳುಗಾತಿ ಎನ್ನಿಸಿಕೊಂಡಾದರೂ ಸರಿ, ನೀನು ಮನೆಗೆ ಬಂದರೆ ಸಾಕೆಂದು ಬಯಸಿದೆ. ಅವ್ವ ಕೇಳದೆ ಇದ್ದಿದ್ದರೆ ಈ ಪತ್ರ ಬರೆಯುತ್ತಿದ್ದೆನೇ? ಬರೆಯುತ್ತಿದ್ದೆ ಎಂದು ಹೇಳಲು ನಿನ್ನೆಯಿಂದ ನೋಡುತ್ತಿದ್ದೇನೆ, ಆಗುತ್ತಿಲ್ಲ.